ಟಿಫಿನ್ ಕ್ಯಾರಿಯರಿನಲ್ಲಿ ಮೂರು ಮೀಟರು

ಒಂಟಿಯಾಗಿ ಬದುಕುವವನಿಗೆ ಒಂದು ದೊಡ್ಡ ಸ್ವಾತಂತ್ರ್ಯವಿದೆ. ಊಟದ ಮೇಜಿನ ಮೇಲೆ ಏನನ್ನು ಬೇಕಾದರೂ ಬಿಚ್ಚಿ ಹರಡಬಹುದು, ಬೈಯುವವರಿರುವುದಿಲ್ಲ. ನನ್ನ ಹೆಂಡತಿ ಜಯಮ್ಮ ತೀರಿಕೊಂಡು ಮೂರು ವರ್ಷವಾಯಿತು. ಮಂಡ್ಯದ ನಮ್ಮ ಮನೆಯ ಮೇಜಿನಲ್ಲಿ ಈಗ ನನ್ನ ತಟ್ಟೆಗೆ ಒಂದು ಮೂಲೆ ಸಾಕು. ಉಳಿದ ಜಾಗವನ್ನು ದಿನಾ ನೋಡಲಾರದೆ ಒಂದು ಭಾನುವಾರ, ನನಗಿಂತ ಎರಡು ವರ್ಷ ಹಿರಿಯದಾದ ನಮ್ಮ ಕಾರಿನ ಡ್ಯಾಶ್‌ಬೋರ್ಡಿನಿಂದ ಮೂರು ಮೀಟರುಗಳನ್ನು ಕಳಚಿ ತಂದು ಅಲ್ಲಿ ಹರಡಿದೆ. ಒಂದು ವೇಗದ್ದು, ಒಂದು ಪೆಟ್ರೋಲಿನದು, ಇನ್ನೊಂದು ಇಂಜಿನ್ನಿನ ಬಿಸಿಯದು. ಗಾಜುಗಳೆಲ್ಲ ಪೊರೆ ಬಂದ ಕಣ್ಣಿನಂತಾಗಿದ್ದವು.

ಗಾಜು ಒರೆಸಿ ಸುಮ್ಮನಿರಬೇಕಿತ್ತು. ಆದರೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಕೈ ಸುಮ್ಮನಿದ್ದೀತೇ? ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಬಿಸಿಯ ಮೀಟರಿನ ಮುಖ ತಿಕ್ಕಿದೆ. ಕೊಳೆ ಅಲ್ಲೇ ಉಳಿದು, ಅಂಕಿಗಳು ಬಟ್ಟೆಗೆ ಬಂದವು.

ಮದ್ದೂರಿನಲ್ಲಿ ಕೆಂಪಯ್ಯ ಎಂಬ ಹಳೆಯ ಮೀಟರು ರಿಪೇರಿಯವರಿದ್ದಾರೆಂದು ಯಾರೋ ಹೇಳಿದರು. ಕುಲುಕದಂತೆ ಒಯ್ಯಲು, ಜಯಮ್ಮನ ಆಸ್ಪತ್ರೆಯ ದಿನಗಳ ನಂತರ ಅಟ್ಟ ಸೇರಿದ್ದ ಟಿಫಿನ್ ಕ್ಯಾರಿಯರನ್ನು ಇಳಿಸಿ, ಒಂದೊಂದು ಡಬ್ಬಿಗೆ ಒಂದೊಂದು ಮೀಟರು ಇಟ್ಟು ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತ ಅಜ್ಜಿ ನನ್ನ ತೊಡೆಯ ಮೇಲಿದ್ದ ಕ್ಯಾರಿಯರನ್ನೇ ನೋಡುತ್ತಿದ್ದರು.

"ಆಸ್ಪತ್ರೆಗೆ ಊಟ ತಗೊಂಡೋಯ್ತಿದ್ದೀಯೇನಪ್ಪ? ಎಡ್ತಿಗಾ?"

ಮೀಟರು ಎನ್ನಲು ಬಾಯಿ ತೆರೆದೆ. "ಹೂಂ" ಎಂಬುದು ಬಂತು.

"ಉಸಾರಾಯ್ತಾಳೆ ಬುಡಪ್ಪ. ನೀನು ವೊತ್ತೊತ್ತಿಗೆ ಉಣ್ಣು, ಸೊರಗೋಗಿದ್ದೀಯ" ಎಂದು ಅಜ್ಜಿ ನನ್ನ ಕೈ ತಟ್ಟಿದರು. ಇಷ್ಟು ಹಸಿ ಸುಳ್ಳು ಹೇಳಿಯೂ ನಾಚಿಕೆಯಾಗಲಿಲ್ಲ. ಮದ್ದೂರು ಬರುವವರೆಗೆ ನನಗೊಬ್ಬ ಹೆಂಡತಿಯಿದ್ದಳು, ಗುಣವಾಗುವವಳಿದ್ದಳು.

ಕೆಂಪಯ್ಯ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲು ನನ್ನ ಸೋಪಿನ ಕೆಲಸವನ್ನು ನೋಡಿದರು. "ಮೇಷ್ಟ್ರೇ, ಇದೇನ್ ಪಾತ್ರೆ ಅನ್ಕಂಡ್ರಾ?" ಎಂದರು. ಅಳಿಸಿದ ಅಂಕಿಗಳನ್ನು ಎಳೆಕುಂಚದಿಂದ ಬರೆದುಕೊಡಲು ಒಪ್ಪಿದ ಮೇಲೆ ವೇಗದ ಮೀಟರನ್ನು ಬಿಚ್ಚಿದರು.

"ಇದ್ರ ಸ್ಪ್ರಿಂಗು ಸಡ್ಲ ಆಗ್ಬುಟ್ಟದೆ. ನಲವತ್ರಲ್ಲಿ ಓಯ್ತಿದ್ರೆ ಮುಳ್ಳು ಅರವತ್ತು ತೋರುಸ್ತದೆ."

"ಎಷ್ಟು ದಿನದಿಂದ?"

"ದಿನ ಅಲ್ಲ ಸಾ, ವರ್ಸ. ಇಪ್ಪತ್ತು ಆಗಿರಬೌದು. ಒಟ್ಟು ಓಡಿರೋ ಅಂಕಿನೂ ಸೊನ್ನೆ ಮಾಡ್ಕೊಡ್ಲಾ? ಒಸಾ ಗಾಡಿ ಆಗೋಯ್ತದೆ."

"ಬೇಡ" ಎಂದೆ. ಆ ಅಂಕಿಯಲ್ಲಿ ಮುಕ್ಕಾಲು ಪಾಲು ಜಯಮ್ಮ ಪಕ್ಕದಲ್ಲಿ ಕೂತು ಬಂದದ್ದು. ಕೆಂಪಯ್ಯ ಮುಚ್ಚಳ ಹಾಕಿದರು.

ವಾರ ಬಿಟ್ಟು ಮೀಟರುಗಳು ಹೊಳೆಯುತ್ತ ಬಂದವು. ಕೂರಿಸಿ, ಮಳವಳ್ಳಿ ರಸ್ತೆಗೆ ಇಳಿದೆ. ಅದು ಜಯಮ್ಮನ ತವರಿನ ದಾರಿ. ಆ ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಎತ್ತಿನ್ ಗಾಡಿನೇ ವಾಸಿ ಕಣ್ರೀ." ನಾನು ಬೆರಳಿಟ್ಟು ಮುಳ್ಳು ತೋರಿಸುತ್ತಿದ್ದೆ: "ಅರವತ್ತು! ಕಣ್ಣು ಕಾಣಿಸುತ್ತಾ?" ವಿಜ್ಞಾನದ ಮೇಷ್ಟರಲ್ಲವೇ, ಉಪಕರಣವನ್ನು ನಂಬುತ್ತಿದ್ದೆ. ಅವಳು ಕಿಟಕಿಯಾಚೆ ದಾಟಿಹೋಗುವ ಟ್ರ್ಯಾಕ್ಟರುಗಳನ್ನು ನಂಬುತ್ತಿದ್ದಳು.

"ನೀನು ಹೇಳಿದ್ದೇ ಸರಿ ಕಣೇ" ಎಂದು ಜೋರಾಗಿಯೇ ಹೇಳಿದೆ. ಹಾಗೇ ಬಿಟ್ಟರೆ ಮರ್ಯಾದೆಯಲ್ಲವೆಂದು ನಿಜವಾದ ಅರವತ್ತಕ್ಕೆ ಏರಿಸಿದೆ. ಸ್ಟೇರಿಂಗು ನಡುಗಿತು, ಬಾಗಿಲು ನಡುಗಿತು, ನಾನೂ ನಡುಗಿದೆ. ತೆಪ್ಪಗೆ ನಲವತ್ತಕ್ಕೆ ಇಳಿದೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, ನಿಜ. ಆದರೂ ನಕ್ಕುಬಿಟ್ಟಾಳೆಂದು ಹೆದರಿ, ಮಳವಳ್ಳಿಯವರೆಗೂ ಆ ಕಡೆ ತಿರುಗಿ ನೋಡಲಿಲ್ಲ.