ಮೇಷ್ಟ್ರು ಬದುಕಿಸಿದ ರಾಜ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಶಾಲೆಯ ಗಂಟೆ. ಅದು ಇನ್ನು ಎರಡೇ ಎರಡು ನಿಮಿಷ ತಡವಾಗಿ ಹೊಡೆದಿದ್ದರೆ ರಾಜ ಹಿಂದಿನ ದಿನವೇ ಸತ್ತುಹೋಗಿರುತ್ತಿದ್ದ, ಮೇಷ್ಟ್ರು ನೆಮ್ಮದಿಯಾಗಿರುತ್ತಿದ್ದರು.

ಮೂರನೇ ತರಗತಿಗೆ ಇತಿಹಾಸ ಹೇಳುವ ಈ ಮೇಷ್ಟ್ರಿಗೆ ಬೀದಿಯಲ್ಲೆಲ್ಲ ಕತೆ ಮೇಷ್ಟ್ರು ಅಂತಲೇ ಹೆಸರು. ಎಂಟು ವರ್ಷದ ಮಕ್ಕಳಿಗೆ ಇಸವಿಗಳ ಪಟ್ಟಿ ಬಾಯಿಪಾಠ ಮಾಡಿಸುವುದೂ ಒಣ ಹುಲ್ಲು ತಿನ್ನಿಸುವುದೂ ಒಂದೇ ಅನ್ನುವುದು ಅವರ ಮತ. ಅದಕ್ಕೇ ದಪ್ಪ ರಟ್ಟಿನ ಚರಿತ್ರೆ ಪುಸ್ತಕ ಹಿಡಿದು, ದಿನದ ಕೊನೆಯ ಅರ್ಧ ಗಂಟೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕುದುರೆ ಬಂದರೆ ಮೇಜು ಕುಟ್ಟಿ ಓಡಿಸುತ್ತಿದ್ದರು. ಫಿರಂಗಿ ಬಂದರೆ ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿದ್ದ ಗಣಿತದ ಮೇಷ್ಟ್ರು ಬೆಚ್ಚಿಬಿದ್ದು ಏಳನೇ ಮಗ್ಗಿಯಿಂದ ಒಂಬತ್ತಕ್ಕೆ ಹಾರುತ್ತಿದ್ದರು. ಗಂಟೆ ಹೊಡೆದರೆ ಮಾತ್ರ, ವಾಕ್ಯ ಅರ್ಧದಲ್ಲಿದ್ದರೂ ಸರಿ, ಪುಸ್ತಕ ಮುಚ್ಚಿ "ಉಳಿದದ್ದು ನಾಳೆ!" ಮಕ್ಕಳು ಮಾರನೆಯ ದಿನ ತಪ್ಪದೆ ಬರಲಿ ಅಂತ ಅವರೇ ಕಂಡುಕೊಂಡ ಉಪಾಯ.

ನಿನ್ನೆಯೂ ಹಾಗೇ ಆಯಿತು. ಶತ್ರುಗಳು ಕೋಟೆ ಸುತ್ತುವರಿದಿದ್ದಾರೆ, ಬಾವಿ ಬತ್ತಿದೆ, ರಾಜ ಕತ್ತಿ ಹಿಡಿದು ಉತ್ತರದ ಬಾಗಿಲ ಅಗುಳಿಗೆ ಕೈ ಹಾಕಿದ್ದಾನೆ, ಢಣ್! "ಉಳಿದದ್ದು ನಾಳೆ" ಎಂದವರೇ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಆಫೀಸಿಗೆ ಓಡಿದ್ದರು.

ಈ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಟೈಲರು ಅಡ್ಡಗಟ್ಟಿದ. ಅವನ ಅಂಗಡಿ ಶಾಲೆಯ ಗೋಡೆಗೆ ಅಂಟಿಕೊಂಡೇ ಇದೆ. ಮಗ ಮೂರನೇ ತರಗತಿಯಲ್ಲಿದ್ದಾನೆ.

"ಏನ್ರೀ ಮೇಷ್ಟ್ರೇ, ನಮ್ಮ ಹುಡುಗನಿಗೆ ಏನ್ ಮಾಡಿದ್ರಿ? ರಾತ್ರಿ ಊಟ ಬೇಡ ಅಂದ. ಯಾಕೋ ಅಂದ್ರೆ 'ರಾಜ' ಅಂದ. ಯಾವ ರಾಜನೋ ಅಂದ್ರೆ ಗೊಳೋ ಅಂತ ಅತ್ತ!"

"ಕತೆ ಅರ್ಧಕ್ಕೆ ನಿಂತಿದೆಯಲ್ಲಪ್ಪ, ಮುಂದೇನಾಗುತ್ತೋ ಅಂತ ಕಳವಳ."

"ಕಳವಳ ಅವನಿಗೊಬ್ಬನಿಗೇನಾ? ಗೋಡೆ ಈಚೆ ಕೂತು ನಾನೂ ಕೇಳ್ತಿರ್ತೀನಲ್ಲ! ಅದೇ ಯೋಚನೇಲಿ ಒಂದಂಗಿಗೆ ಎರಡೂ ಎಡಗೈ ತೋಳೇ ಹಚ್ಚಿಬಿಟ್ಟಿದೀನಿ. ಗಿರಾಕಿ ಈಗ ಬರ್ತಾನೆ." ದನಿ ತಗ್ಗಿಸಿ ಕೇಳಿದ, "ನಿಜ ಹೇಳಿ. ರಾಜ ಉಳ್ಕೋತಾನೆ ತಾನೇ?"

"ಚರಿತ್ರೆ ಅಂದ ಮೇಲೆ ನಡೆದದ್ದನ್ನ ನಡೆದ ಹಾಗೇ..."

"ಅಯ್ಯೋ, ಸಾಯ್ತಾನೆ!" ಟೈಲರು ಕೊರಳಲ್ಲಿದ್ದ ಅಳತೆ ಟೇಪನ್ನು ನೇಣಿನಂತೆ ಹಿಡಿದುಕೊಂಡ.

ಅವನಿಂದ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಬ್ಬ ಅಜ್ಜಿ ಮೇಷ್ಟ್ರ ಕೊಡೆ ಹಿಡಿದು ಎಳೆದರು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ, ಮುಖಕ್ಕಿಂತ ದೊಡ್ಡ ಕನ್ನಡಕದ ಹುಡುಗಿಯ ಅಜ್ಜಿ.

"ಮೊಮ್ಮಗಳು ಹಾಲು ಮುಟ್ಟಲಿಲ್ಲ ಕಣಪ್ಪಾ. ಆ ರಾಜನ್ನೇನಾದ್ರೂ ಕೊಂದೆಯೋ, ನಿನ್ನ ಮನೆ ಬಾಗಿಲಿಗೆ ಬಂದು ಕೂತ್ಕೋತೀನಿ."

"ಅಜ್ಜೀ, ಅವನು ಸತ್ತು ನಾನೂರು ವರ್ಷ ಆಯ್ತು! ನಾನೇನು ಮಾಡ್ಲಿ?"

"ಆಯ್ತಲ್ಲ, ಮತ್ತೆ ನಿನಗೇನು ಅವಸರ? ಇನ್ನೊಂದು ನಾಲ್ಕು ದಿನ ಇರಲಿ ಬಿಡು, ಪಾಪ."

ಮೇಷ್ಟ್ರು ಹಣೆ ಚಚ್ಚಿಕೊಂಡು ಒಳಗೆ ಹೋದರೆ ಹೆಡ್‌ಮೇಡಂ ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಗಣಿತದ ಮೇಷ್ಟ್ರು, ಹೊಸ ವೇಳಾಪಟ್ಟಿ ಹಿಡಿದು.

"ನೋಡಿ, ಇವತ್ತು ಇನ್ಸ್‌ಪೆಕ್ಟರು ಬರ್ತಾರೆ. ನಿಮ್ಮ ಕತೆ ಹೊತ್ತಿನಲ್ಲೇ ಬಂದು ಕೂರ್ತಾರಂತೆ. ಮೂವತ್ತೊಂದು ಮಕ್ಕಳು ಅವರೆದುರು ಅತ್ತರೋ, ನಿಮ್ಮ ಓದೋ ಕಾರ್ಯಕ್ರಮ ನಾಳೆಯಿಂದ ಬಂದ್. ಆ ಅರ್ಧ ಗಂಟೆ ಗಣಿತಕ್ಕೆ."

"ಆಗಲೇ ಬರೆದಿಟ್ಟಿದ್ದೀನಿ ಮೇಡಂ," ಅಂದರು ಗಣಿತದ ಮೇಷ್ಟ್ರು. "ಪೆನ್ಸಿಲ್‌ನಲ್ಲೇ ಬರೆದಿದ್ದೀನಿ, ಬೇಜಾರು ಮಾಡ್ಕೋಬೇಡಿ."

"ಹಾಗಾದ್ರೆ ರಾಜನ್ನ ಬದುಕಿಸಬೇಕಾ ಮೇಡಂ?"

"ನಾನು ಹಾಗಂದ್ನಾ? ಚರಿತ್ರೇಲಿ ಸುಳ್ಳು ಬರಬಾರದು. ಮಕ್ಕಳೂ ಅಳಬಾರದು. ಹೇಗೆ ಮಾಡ್ತೀರೋ ಮಾಡಿ."

ಇಡೀ ದಿನ ಕತೆ ಮೇಷ್ಟ್ರಿಗೆ ಇದೇ ಗೋಳು. ಊಟದ ಡಬ್ಬಿ ಬಿಚ್ಚಿದರೆ ಟೈಲರು ಕಿಟಕಿಯಲ್ಲಿ ತಲೆ ತೂರಿಸಿ, "ಬರೀ ಗಾಯ ಆಗಲಿ ಸಾರ್, ಕಾಲಿಗೆ" ಎಂದು ಸಲಹೆ ಕೊಟ್ಟ. ಆ ತಲೆ ಹೋಯಿತು ಅನ್ನುವಷ್ಟರಲ್ಲಿ ಗಣಿತದ ಮೇಷ್ಟ್ರು ಬಂದು, "ಸತ್ತರೆ ಒಂದೇ ಏಟಿಗೆ ಸಾಯಿಸಿಬಿಡಿ, ನಾನು ಮಗ್ಗಿ ಬೇಗ ಶುರು ಮಾಡ್ಬಹುದು" ಅಂದರು. ಇಷ್ಟು ಜನ ಒಟ್ಟಿಗೆ ತಲೆ ಕೆಡಿಸಿಕೊಂಡಿದ್ದರೆ ಆ ರಾಜ ಅವತ್ತೇ ಗೆದ್ದುಬಿಡುತ್ತಿದ್ದ ಅಂದುಕೊಂಡು ಮೇಷ್ಟ್ರು ಡಬ್ಬಿ ಮುಚ್ಚಿದರು.

ಕೊನೆಗೂ ಆ ಹೊತ್ತು ಬಂತು. ಮೇಜಿನ ಮೇಲಿದ್ದ ಪುಸ್ತಕ ತೆರೆದರೆ, ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಅಧ್ಯಾಯದ ಕೊನೆಯ ಪುಟದಲ್ಲಿ ಕೂತಿತ್ತು. "ಈ ಫ್ಯಾನಿಗೂ ಬೇರೆ ಕೆಲಸ ಇಲ್ಲ" ಎಂದು ಗೊಣಗಿ, ಟಿಕೆಟನ್ನು ಜಾಗಕ್ಕೆ ತಂದಿಟ್ಟರು. ಹಿಂದಿನ ಪುಟ್ಟ ಬೆಂಚಿನಲ್ಲಿ ಇನ್ಸ್‌ಪೆಕ್ಟರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಮುದುರಿ ಕೂತಿದ್ದರು. ಕಿಟಕಿಯಲ್ಲಿ ಟೈಲರು, ಅವನ ಕಂಕುಳ ಕೆಳಗೆ ಅಜ್ಜಿ.

"ರಾಜ ಅಗುಳಿ ತೆಗೆದ..." ಎಂದು ಶುರುಮಾಡಿ ಮೇಷ್ಟ್ರು ಮುಂದಿನ ಸಾಲು ನೋಡಿದರು. 'ಉತ್ತರದ ಬಾಗಿಲಲ್ಲೇ ಹೋರಾಡುತ್ತ ಮಡಿದನು.' ತಲೆಯೆತ್ತಿದರೆ ಮೂವತ್ತೊಂದು ಜೊತೆ ಕಣ್ಣು. ಅವರು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದರು.

"...ಆಗ ನೋಡ್ತಾನೆ, ಬಾಗಿಲ ಪಕ್ಕದಲ್ಲಿ... ಒಂದು... ಸುರಂಗ!"

ಒಮ್ಮೆ ಸುರಂಗ ಸಿಕ್ಕ ಮೇಲೆ ಮೇಷ್ಟ್ರನ್ನು ತಡೆಯುವವರು ಯಾರು? ರಾಜ ಸುರಂಗದಲ್ಲಿ ನುಸುಳಿದ, ಆಚೆ ಕುದುರೆ ಹತ್ತಿದ, ಮೇಜು ಟಕಟಕ ಅಂತು, ಬೆಟ್ಟ ದಾಟಿದ, ಮೊಮ್ಮಕ್ಕಳನ್ನು ಆಡಿಸುತ್ತ ತೊಂಬತ್ತು ವರ್ಷ ಬದುಕಿದ. ಟೈಲರು ಶಿಳ್ಳೆ ಹೊಡೆದ. ಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೀಗರ ಮನೆಯಲ್ಲಿ ಕೂತವರಂತೆ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಒಂದು ಹನಿ ಕಣ್ಣೀರಿಲ್ಲ. ಮೇಷ್ಟ್ರು ಬೆವರು ಒರೆಸಿಕೊಂಡರು.

"ಸೊಗಸಾಗಿತ್ತು," ಅಂದರು ಇನ್ಸ್‌ಪೆಕ್ಟರು. "ಎಲ್ಲಿ ಮಕ್ಕಳೇ, ರಾಜ ಕೊನೆಗೆ ಏನಾದ ಹೇಳಿ?"

ಕನ್ನಡಕದ ಹುಡುಗಿ ಎದ್ದಳು. "ಸತ್ತುಹೋದ ಸಾರ್. ಉತ್ತರದ ಬಾಗಿಲಲ್ಲಿ. ತೊಂಬತ್ತಾರನೇ ಪುಟ."

"ಮತ್ತೆ ಮೇಷ್ಟ್ರು ಸುರಂಗ ಅಂದ್ರಲ್ಲಮ್ಮಾ?"

ಹುಡುಗಿ ಮೇಷ್ಟ್ರ ಕಡೆ ಮರುಕದಿಂದ ನೋಡಿದಳು. "ಅವರಿಗೆ ಅಳು ಬರುತ್ತೆ ಸಾರ್. ಹೋದ ಸಲ ಒಬ್ಬ ರಾಜ ಸತ್ತಾಗ ಗೋಡೆ ಕಡೆ ತಿರುಗಿ ಮೂಗು ಒರೆಸ್ಕೊಂಡ್ರು. ಅದಕ್ಕೇ ನಿನ್ನೆ ಅವರು ಸಹಿ ಹಾಕೋಕೆ ಹೋದಾಗ ನಾನೇ ಎಲ್ಲರಿಗೂ ಮೆಲ್ಲಗೆ ಓದಿ ಹೇಳ್ಬಿಟ್ಟೆ. ಎಲ್ಲರೂ ನಮ್ನಮ್ಮ ಮನೇಲಿ ಅತ್ತು ಮುಗಿಸಿದ್ವಿ. ಇವತ್ತು ಅವರು ಏನ್ ಹೇಳಿದ್ರೂ ಹೂಂ ಅನ್ನೋಣ, ಪಾಪ ಬೇಜಾರು ಮಾಡಬಾರದು ಅಂತ ಮಾತಾಡ್ಕೊಂಡಿದ್ವಿ."

"ಹಾಗಾದ್ರೆ ಸತ್ತೇಬಿಟ್ಟನಾ!" ಕಿಟಕಿಯಲ್ಲಿ ಟೈಲರು ಗೊಳೋ ಅಂದ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೂಗೆಳೆಯುವ ಸದ್ದು ಬಾಗಿಲ ಕಡೆಯಿಂದಲೂ ಬಂತು. ಅದು ಗಣಿತದ ಮೇಷ್ಟ್ರದು.

ಇನ್ಸ್‌ಪೆಕ್ಟರು ತಮ್ಮ ಪುಸ್ತಕದಲ್ಲಿ ಬರೆಯುತ್ತ ಗಟ್ಟಿಯಾಗಿ ಓದಿದರು. "ಗಟ್ಟಿ ಓದು ಮುಂದುವರಿಯಲಿ." ಮೇಷ್ಟ್ರಿಗೆ ಹೋದ ಜೀವ ಬಂತು. "ಓದುವುದು ಈ ಹುಡುಗಿ. ಮೇಷ್ಟ್ರು ಕೂತು ಕೇಳಲಿ." ಬಂದ ಜೀವ ಮತ್ತೆ ಹೋಯಿತು.

ಇನ್ಸ್‌ಪೆಕ್ಟರು ತಮ್ಮ ಚೀಲದಿಂದ ಹೊಚ್ಚ ಹೊಸ ಚರಿತ್ರೆ ಪುಸ್ತಕ ತೆಗೆದು ಹುಡುಗಿಗೆ ಕೊಟ್ಟರು. "ಇನ್ನೂ ಹೊತ್ತಿದೆ, ಈಗಲೇ ಶುರುಮಾಡಮ್ಮ."

ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಇಬ್ಬರು ಮಕ್ಕಳ ನಡುವೆ ತೂರಿ ಕೂತರು. ಅದೊಂದು ರಾಣಿಯ ಕತೆ, ಅವರೂ ಓದಿರಲಿಲ್ಲ. ಹುಡುಗಿ ಚೆನ್ನಾಗೇ ಓದಿದಳು, ಬಿರುಗಾಳಿಗೆ ಮೇಜು ಕೂಡ ಅಲುಗಾಡಿಸಿದಳು. ಹಡಗಿನ ಕಂಬ ಮುರಿಯಿತು, ನೀರು ಮೊಣಕಾಲಿಗೆ ಬಂತು, ರಾಣಿ ಕೊನೆಯ ಹಗ್ಗಕ್ಕೆ ಕೈ ಚಾಚಿದಳು. ಮೇಷ್ಟ್ರು ಬೆಂಚಿನ ಅಂಚಿಗೆ ಬಂದಿದ್ದರು.

ಢಣ್!

"ಉಳಿದದ್ದು ನಾಳೆ."

"ಏ ಪುಟ್ಟೀ, ಒಂದೇ ಒಂದು ಸಾಲು ಓದಮ್ಮಾ! ಹಗ್ಗ ಸಿಕ್ತಾ ಇಲ್ವಾ, ಅಷ್ಟು ಹೇಳು!"

"ಗಂಟೆ ಹೊಡೀತಲ್ಲ ಮೇಷ್ಟ್ರೇ."

ಅವಳು ಮಾತ್ರ ಪುಸ್ತಕವನ್ನು ಮೇಜಿನ ಮೇಲೆ ಬಿಡಲಿಲ್ಲ. ಚೀಲದ ತಳಕ್ಕೆ ಸೇರಿಸಿ, ಎರಡೂ ಗುಂಡಿ ಭದ್ರವಾಗಿ ಹಾಕಿಕೊಂಡು ಮನೆಗೆ ಹೊರಟಳು.