ಸಮುದ್ರವಿಲ್ಲದ ದೇಶದಲ್ಲಿ ನನ್ನ ಹಡಗು ನಿಂತ ಪ್ರಕರಣ

ಎರಡನೆಯ ತರಗತಿಯ ಭೂಗೋಳದ ಟೀಚರಮ್ಮನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಸೀಮೆಸುಣ್ಣ ಸವೆಯದಿರಲಿ, ತಮ್ಮ ಮೇಜಿನ ಮೇಲಿನ ಭೂಮಿ ಸದಾ ತಿರುಗುತ್ತಿರಲಿ ಎಂದು ಹಾರೈಸುತ್ತಾ, ತಮ್ಮ ದೆಸೆಯಿಂದ ಮಾನ ಕಳೆದುಕೊಂಡ ಒಬ್ಬ ತಾತ ಎಲ್ಲರೆದುರು ಮಾಡಿಕೊಳ್ಳುವ ಅಹವಾಲು.

ಮಕ್ಕಳಿಗೆ ಪತ್ತೇದಾರಿಕೆಯ ಮೂಲಕ ಭೂಗೋಳ ಕಲಿಸುವ ತಮ್ಮ ಯೋಜನೆ ಅಮೋಘವಾದದ್ದು. ರಟ್ಟಿನ ಭೂತಗನ್ನಡಿ, ‘ಗುಟ್ಟು’ ಎಂದು ಬರೆದ ಪುಟ್ಟ ನೋಟುಬುಕ್ಕು, ಕಾಣೆಯಾದ ದ್ವೀಪವನ್ನು ಹುಡುಕಿಕೊಂಡು ಬರುವ ಹೋಂವರ್ಕು, ಎಲ್ಲವೂ ಸೊಗಸೇ. ಆದರೆ ದ್ವೀಪ ಸಿಕ್ಕಮೇಲೆ ಕೈಯಲ್ಲಿ ಕೆಲಸವಿಲ್ಲದ ಏಳು ವರ್ಷದ ಪತ್ತೇದಾರಿಣಿ ಮನೆಯಲ್ಲಿ ಯಾರ ಬೆನ್ನು ಹತ್ತುತ್ತಾಳೆಂಬುದನ್ನು ತಾವು ಆಲೋಚಿಸಲಿಲ್ಲ.

ನಾನು ಹಡಗಿನಲ್ಲಿ ಏಳು ಸಮುದ್ರ ಸುತ್ತಿದವನೆಂಬುದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಬೆಳೆದ ಕಥೆ. ಕಳೆದ ತಿಂಗಳ ಒಂದು ಮಂಗಳವಾರ ಊಟದ ಮೇಜಿಗೆ ತಟ್ಟೆಗಿಂತ ಮೊದಲು ಗ್ಲೋಬು ಬಂತು. “ತಾತ, ನಿನ್ ಹಡಗು ಈ ದೇಶದಲ್ಲಿ ನಿಂತಿತ್ತು ಅಂದಿದ್ದೆ. ಸುತ್ತ ಒಂದು ಚೂರೂ ನೀಲಿ ಇಲ್ವಲ್ಲ?” ಎಂದಳು ಮೊಮ್ಮಗಳು. ನಮ್ಮ ಕಾಲದಲ್ಲಿ ಇತ್ತು, ಆಮೇಲೆ ಬತ್ತಿತು ಎಂದೆ. ಬರೆದುಕೊಂಡಳು. “ಹಿಮಕರಡಿ ಪೆಂಗ್ವಿನ್ನನ್ನ ಅಟ್ಟಿಸ್ಕೊಂಡು ಹೋಗಿದ್ದು ಕಣ್ಣಾರೆ ನೋಡ್ದೆ ಅಂದಿದ್ದೆ. ಕರಡಿ ಇರೋದು ಉತ್ತರದ ತುದೀಲಿ, ಪೆಂಗ್ವಿನ್ ಇರೋದು ದಕ್ಷಿಣದಲ್ಲಿ. ಪಾಪ, ಕರಡಿ ಅಷ್ಟು ದೂರ ಓಡ್ತಾ?” ಅಡುಗೆಮನೆಯಿಂದ ನನ್ನ ಹೆಂಡತಿ, “ಒಪ್ಕೊಂಡ್ಬಿಡಿ, ನಲವತ್ತು ವರ್ಷದಿಂದ ನಗು ತಡ್ಕೊಂಡು ನಂಗೂ ಸಾಕಾಗಿದೆ” ಎಂದು ಕೇಳದೆಯೇ ಸಾಕ್ಷಿ ನುಡಿದಳು.

ಒಪ್ಪಿಕೊಂಡೆ. ನಾನು ಸಮವಸ್ತ್ರದ ಕಾರ್ಖಾನೆಯಲ್ಲಿ ಹಡಗಿನವರ ಬಿಳಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವನು. ನನ್ನ ಗುಂಡಿಗಳು ಜಗತ್ತು ಸುತ್ತಿದವು, ನಾನು ಸಮುದ್ರ ಕಂಡದ್ದೇ ಇಲ್ಲ. ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ, ನೋಟುಬುಕ್ಕು ಮುಚ್ಚಿ ಎದ್ದುಹೋದಳು. ಎರಡು ದಿನ ಕಥೆ ಕೇಳಲು ಬರಲಿಲ್ಲ. ಮಾನ್ಯರೇ, ಅಷ್ಟು ಉದ್ದದ ಎರಡು ದಿನಗಳು ತಮ್ಮ ಯಾವ ಧ್ರುವದಲ್ಲೂ ಇರಲಾರವು. ಆ ದೇಶಕ್ಕೆ ಒಂದು ಬೊಗಸೆ ಸಮುದ್ರ ಮಂಜೂರು ಮಾಡಿಸಿಕೊಡಿ, ಅದಾಗದಿದ್ದರೆ ಒಂದೇ ಒಂದು ಕರಡಿಯನ್ನಾದರೂ ದಕ್ಷಿಣಕ್ಕೆ ವರ್ಗ ಮಾಡಿಸಿ ಎಂದು ತಮಗೆ ಅರ್ಜಿ ಬರೆಯಲು ಕೂತಿದ್ದೆ.

ಮೂರನೆಯ ದಿನ ನನ್ನ ದಿಂಬಿನ ಮೇಲೆ ತೀರ್ಪು ಬಿದ್ದಿತ್ತು: “ತಾತ ಎಲ್ಲಿಗೂ ಹೋಗಿಲ್ಲ. ಅದಕ್ಕೆ ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ಪಶ್ಚಿಮಕ್ಕೆ.”

ಐದು ತಾಸಿನ ಬಸ್ ಪ್ರಯಾಣದುದ್ದಕ್ಕೂ ದಿಕ್ಸೂಚಿ ಅವಳ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ನಾನು. ಮೊದಲ ಅಲೆ ಪಾದಕ್ಕೆ ತಾಗಿದಾಗ ಏಳು ಸಮುದ್ರದ ನಾವಿಕ ಮೊಮ್ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಪತ್ತೇದಾರಿಣಿ ನನ್ನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿ, “ತಾತನ ಕಣ್ಣಲ್ಲೂ ಉಪ್ಪುನೀರು ಇದೆ. ಯಾವ ಸಮುದ್ರದ್ದು ಅಂತ ಗೊತ್ತಾಗಿಲ್ಲ” ಎಂದು ಬರೆದುಕೊಂಡಳು. ಇದಕ್ಕೆಲ್ಲ ನೇರ ಹೊಣೆ ತಾವೇ ಎಂದು ಈ ಮೂಲಕ ದೂರುತ್ತೇನೆ.

ಸದ್ಯ ಜಾಮೀನಿನ ಮೇಲೆ ಹೊರಗಿರುವ,
ತಮ್ಮ ವಿಶ್ವಾಸಿ,
ಗುಂಡಿ ತಾತ

ವಿ.ಸೂ.: ಮುಂದಿನ ತಿಂಗಳಿಂದ ಚರಿತ್ರೆಯನ್ನೂ ಇದೇ ವಿಧಾನದಲ್ಲಿ ಕಲಿಸುವಿರೆಂದು ತಿಳಿಯಿತು. ರಾಜರ ವಿಷಯದಲ್ಲಿ ನನ್ನ ತಕರಾರಿಲ್ಲ. ನನ್ನ ಮದುವೆಗೆ ಮುಂಚಿನ ಐದು ವರ್ಷಗಳನ್ನು ಮಾತ್ರ ದಯಮಾಡಿ ಪಾಠದಿಂದ ಕೈಬಿಡಿ. ನನ್ನ ಹೆಂಡತಿ ಈಗಾಗಲೇ ಹೊಸ ನೋಟುಬುಕ್ಕು ತಂದಿಟ್ಟಿದ್ದಾಳೆ.