ದೊಡ್ಡ ಸಾಹೇಬರ ಎರಡು ಕೆಂಪು ಮೀನು

ಮೀನು ಸಾಕುವುದೇನು ಮಹಾ ವಿದ್ಯೆ? ಎಮ್ಮೆ ಸಾಕಿದವನಿಗೆ ಮೀನು ಒಂದು ಲೆಕ್ಕವೇ? ಎಮ್ಮೆ ಹಾಯುತ್ತದೆ, ಒದೆಯುತ್ತದೆ, ಹಗ್ಗ ಹರಿದುಕೊಂಡು ಕಮಠಾಣದ ದಾರಿ ಹಿಡಿಯುತ್ತದೆ. ಮೀನು ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ಬೀದರದ ಕಚೇರಿಯ ನಡು ಅಂಗಳದಲ್ಲಿ ನಿಂತು, ಹತ್ತು ಮಂದಿ ಕೇಳುವ ಹಾಗೆ, ಎದೆಯ ಮೇಲೆ ಕೈ ಇಟ್ಟುಕೊಂಡು ನಾನು ಹೀಗೆ ಹೇಳಿದೆ. ಆ ಕೈ ಆಮೇಲೆ ಒಂದು ತಿಂಗಳು ತಲೆಯ ಮೇಲಿಂದ ಇಳಿಯಲಿಲ್ಲ.

ಸಂಗತಿ ಇಷ್ಟು. ನನ್ನ ಹೆಸರು ಹಾವಗೆಪ್ಪ. ನಿಜಾಮ ಸರ್ಕಾರದ ಕಾರಕೂನ. ನನಗೆ ಔರಾದಕ್ಕೆ ವರ್ಗವಾಗಿತ್ತು. ಔರಾದ ಕೆಟ್ಟ ಊರೇನೂ ಅಲ್ಲ. ಆದರೆ ನನ್ನ ಹೆಂಡತಿ ಶಿವಕಾಂತಾ, "ನನ್ನ ಎಮ್ಮಿ, ನನ್ನ ಬಾವಿ, ನನ್ನ ಮನಿ ಬಿಟ್ಟು ನಾ ಒಂದು ಹೆಜ್ಜಿ ಸುದಾ ಬರಂಗಿಲ್ಲ. ನೀವು ಹೋಗ್ರಿ, ರೊಟ್ಟಿ ಬಡಿಯೋದು ಕಲೀರಿ" ಎಂದುಬಿಟ್ಟಿದ್ದಳು. ನನಗೆ ರೊಟ್ಟಿ ತಿನ್ನಲು ಬರುತ್ತದೆ, ಬಡಿಯಲು ಬರುವುದಿಲ್ಲ. ಆದ್ದರಿಂದ ವರ್ಗ ರದ್ದಾಗಲೇಬೇಕಿತ್ತು.

ರದ್ದು ಮಾಡುವ ಲೇಖನಿ ನಮ್ಮ ಕಚೇರಿಯ ದೊಡ್ಡ ಸಾಹೇಬರಾದ ಸಲಾವೋದ್ದೀನ ಸಾಹೇಬರ ಕೈಯಲ್ಲಿತ್ತು. ಅವರು ನೆಂಟರ ಮದುವೆಗೆಂದು ಕುಟುಂಬ ಸಮೇತ ಒಂದು ತಿಂಗಳು ಹೈದರಾಬಾದಿಗೆ ಹೊರಟಿದ್ದರು. ಅವರ ಮನೆಯವರಾದ ಅಜೀಜಾ ಬೇಗಂ ಅವರಿಗೆ ಗಾಜಿನ ಬರಣಿಯೊಂದರಲ್ಲಿದ್ದ ಎರಡು ಕೆಂಪು ಮೀನೆಂದರೆ ಪ್ರಾಣ.

"ಹಾವಗೆಪ್ಪ, ಬೇಗಂಗೆ ಮೀನಿಂದೇ ಫಿಕರ್ ಆಗ್ಯಾದ. ಮೀನು ಸಲಾಮತ್ ಇದ್ರ, ಬಂದ ಮ್ಯಾಲ ನಿನ್ನ ತಬಾದಲಾ ರದ್ದು ಮಾಡೋ ಬಗ್ಗೆ ನೋಡ್ತೇನಿ" ಎಂದರು ಸಾಹೇಬರು. ನಾನು ಎದೆಯ ಮೇಲೆ ಕೈ ಇಟ್ಟದ್ದು ಆಗಲೇ.

ನಾನು ಬರಣಿಯನ್ನು ತೇರಿನ ಕಳಸದಂತೆ ಎರಡು ಕೈಯಲ್ಲಿ ಎತ್ತಿಕೊಂಡು ಮನೆಗೆ ಬಂದೆ. ಅಲ್ಲಿಗೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡು ಮೀನನ್ನು ಕೊಟ್ಟಂತೆಯೇ ತಿರುಗಿ ಕೊಟ್ಟರೆ ಅದರಲ್ಲಿ ನನ್ನ ಪರಾಕ್ರಮವೇನು? ಸಾಹೇಬರು ಬಂದಾಗ ಕಣ್ಣು ತಿರುಗಬೇಕು! ತಗಡಿನ ಕೆಲಸದವನನ್ನು ಕರೆಸಿ ನಾಲ್ಕು ಕಡೆ ಗಾಜು ಕೂರಿಸಿದ ದೊಡ್ಡ ಪೆಟ್ಟಿಗೆ ಮಾಡಿಸಿದೆ. ತುಂಬಿಸಿ ನೋಡಿದರೆ ಎರಡು ಮೀನು ಅದರಲ್ಲಿ ಖಾಲಿ ಕಚೇರಿಯ ಇಬ್ಬರು ಜವಾನರ ಹಾಗೆ ಕಂಡವು. ಜೊತೆ ಬೇಕು ಎನ್ನಿಸಿತು.

ಮಾಂಜ್ರಾ ಹೊಳೆಯ ಮೀನು ಹಿಡಿದು ಮಾರುವವನು ಲಾಲ ಅಹ್ಮದ. ನಾನು ಅವನ ಬುಟ್ಟಿಯ ಮುಂದೆ ನಿಂತಾಗ ಬಜಾರವೇ ನಿಂತಿತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎದುರಿಗೆ ಮೀನಿನ ಬುಟ್ಟಿ.

"ಹಾವಗೆಪ್ಪನೋರೆ, ದಾರಿ ತಪ್ಪೀರೇನ್ರಿ? ಕಾಯಿಪಲ್ಯ ಆ ಕಡಿ ಅದ."

"ತಪ್ಪಿಲ್ಲ. ಸಣ್ಣ ಮೀನ ಬೇಕು, ಇಪ್ಪತ್ತೈದು. ಜೀವಂತ ಇರಬೇಕು."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಗೊತ್ತಾಗಂಗಿಲ್ರಿ. ಹಿತ್ತಲ ಬಾಗಿಲಿಗಿ ತಂದು ಕೊಡ್ತೇನಿ. ಮಸಾಲಿ ಹ್ಯಾಂಗ ಹಾಕಬೇಕಂತ ನಮ್ಮ ಮನ್ಯಾಗಿನಕಿ ಹೇಳಿ ಕೊಡ್ತಾಳ."

"ತಿನ್ನಲಿಕ್ಕಲ್ಲೋ ಮಾರಾಯಾ, ಸಾಕಲಿಕ್ಕಿ."

"ಹೌದ್ರಿ, ಹೌದ್ರಿ. ಎಲ್ಲಾರೂ ಮೊದಲ ಹಾಂಗೇ ಅಂತಾರ" ಎಂದು ನನ್ನನ್ನು ಸಮಾಧಾನ ಮಾಡಿದ.

ಇಪ್ಪತ್ತೈದೂ ಎರಡೂ ಸೇರಿ ಇಪ್ಪತ್ತೇಳು ಮೀನು ಪೆಟ್ಟಿಗೆಗೆ ಬಿದ್ದವು. ಶಿವಕಾಂತಾ ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ಇದು ಪೆಟಗ್ಯೋ, ಜಾತ್ರಿಗಿ ಹೊಂಟ ಬಂಡ್ಯೋ? ಅವಕ್ಕ ತಿರುಗ್ಲಿಕ್ಕರ ಜಾಗ ಬೇಕಲ್ರಿ. ಮತ್ತ ಈ ಬಾವಿ ನೀರು ಹೊಸಾದು. ನಮ್ಮ ಎಮ್ಮಿ ದೋಣ್ಯಾಗಿಂದು ನಾಕು ತಂಬಿಗಿ ಹಳಿ ನೀರು ಹಾಕ್ರಿ, ಎರಡು ಪಾಚಿ ಕಲ್ಲು ಹಾಕ್ರಿ."

ಹಿತ್ತಲಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯೊಂದಿದೆ. ನನ್ನ ಅಜ್ಜನ ಕಾಲದ್ದು, ಅದರ ಪಾಚಿಯೂ ಅಜ್ಜನ ಕಾಲದ್ದೇ. ನನಗೆ ಸಿಟ್ಟು ಬಂತು. "ಸಾಹೇಬರ ಮೀನಿಗಿ ಎಮ್ಮಿ ಎಂಜಲೇನು? ನಾಳಿ ಆ ದೋಣಿನೂ ಬೂದಿ ಹಾಕಿ ತಿಕ್ಕಿ ತೊಳೀತೇನಿ ನೋಡು."

"ದೋಣಿಗಿ ಕೈ ಹಚ್ಚಿದ್ರ ಇವತ್ತಿನಿಂದ ರೊಟ್ಟಿ ನೀವೇ ಬಡೀರಿ" ಎಂದಳು. ದೋಣಿ ಉಳಿಯಿತು.

ಈಗ ಊಟದ ವಿಷಯ. ನಮ್ಮದು ದಾಸೋಹದ ಮನೆ. ಹೊಸ್ತಿಲು ದಾಟಿ ಬಂದ ಜೀವ ಹಸಿದು ಮಲಗಿದ ಚರಿತ್ರೆ ನಮ್ಮ ವಂಶದಲ್ಲಿಲ್ಲ. ಮೀನು ಬಂದದ್ದೂ ಹೊಸ್ತಿಲು ದಾಟಿಯೇ. ಮುಂಜಾನೆ ಜೋಳದ ರೊಟ್ಟಿಯ ಪುಡಿ, ಮಧ್ಯಾಹ್ನ ಅನ್ನ, ಸೋಮವಾರ ಹುಗ್ಗಿ. ಮೀನು ನೋಡಲು ಬಂದ ಓಣಿಯ ಮಂದಿಯೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬರು ಪುಟಾಣಿ ತಂದರು, ಒಬ್ಬರು ಬುಂದಿ ತಂದರು. ಭಾತಂಬ್ರಾದ ನನ್ನ ಸೋದರಮಾವ ಎಲೆ ಅಡಿಕೆಯ ಚೀಲ ಬಿಚ್ಚುವಷ್ಟರಲ್ಲಿ ನಾನು ಅವನ ಕೈ ಹಿಡಿದುಕೊಂಡೆ.

ಮೂರನೆಯ ದಿನ ನೀರು ಅಂಬಲಿಯಾಯಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡತೊಡಗಿದವು.

"ನೋಡು, ಹಸಿವು ಹ್ಯಾಂಗ ಆಗ್ಯಾದ" ಎಂದು ನಾನು ಇನ್ನೊಂದು ಹಿಡಿ ಹುಗ್ಗಿ ಹಾಕಿದೆ.

"ಹಸಿವಲ್ರಿ ಅದು. ಉಸಿರು ಸಿಗವಲ್ದು ಅವಕ್ಕ."

"ನೀರಾಗ ಇರೋ ಮೀನಿಗಿ ಉಸಿರು ಸಿಗಂಗಿಲ್ಲೇನ? ಸುಮ್ಮನಿರು, ನಿನಗ ಗೊತ್ತಾಗಂಗಿಲ್ಲ."

ನೀರು ಹೊಲಸಾದರೆ ಏನು ಮಾಡಬೇಕು? ಬದಲಿಸಬೇಕು. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕುಳ್ಳಿನ ಬೂದಿಯಿಂದ ಗಾಜು ತಿಕ್ಕಿದೆ, ಕಲ್ಲು ತಿಕ್ಕಿದೆ, ತಗಡು ತಿಕ್ಕಿದೆ. ಬಾವಿಯ ಹೊಸ ನೀರು ತುಂಬಿಸಿದೆ. ಪೆಟ್ಟಿಗೆ ಪೂಜೆಯ ತಂಬಿಗೆಯ ಹಾಗೆ ಹೊಳೆಯಿತು. ಮರುದಿನ ನೋಡಿದರೆ ಮತ್ತೆ ಅಂಬಲಿ, ಸಾಲದ್ದಕ್ಕೆ ಎರಡು ಸಣ್ಣ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬೂದಿ ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ತಿಕ್ಕಿದೆ. ಅದರ ಮರುದಿನ ಮೂರು ತೇಲಿದವು.

ನನ್ನ ತಲೆ ಕೆಟ್ಟುಹೋಯಿತು. ಬೂದಿಯಿಂದ ತೊಳೆದ ಪಾತ್ರೆ ಹೊಲಸಾಗುವುದನ್ನು ನಾನು ಕಂಡಿರಲಿಲ್ಲ, ಉಣ್ಣಿಸಿದ ಅತಿಥಿ ಸಾಯುವುದನ್ನಂತೂ ಕೇಳಿಯೇ ಇರಲಿಲ್ಲ. ತೊಳೆದಷ್ಟೂ ಕೊಳೆ, ಉಣ್ಣಿಸಿದಷ್ಟೂ ಸಾವು. ಇದು ಯಾವ ನ್ಯಾಯ? ಕಚೇರಿಯಲ್ಲಿ ಜಮೀನಿನ ಅರ್ಜಿ ಬರೆಯುವಾಗಲೂ ಅರ್ಜಿದಾರನ ಹೆಸರಿನ ಜಾಗದಲ್ಲಿ "ಮೀನು" ಎಂದು ಬರೆದೆ. ಸತ್ತ ಮೀನುಗಳನ್ನು ಪತ್ರಿ ಗಿಡದ ಬುಡದಲ್ಲಿ ಹುಗಿದು, ವಿಭೂತಿ ಹಾಕಿ ಕೈ ಮುಗಿಯುತ್ತಿದ್ದೆ.

"ಇವತ್ತಿಗಿ ಹನ್ನೊಂದು ಆದ್ವು" ಎಂದಳು ಶಿವಕಾಂತಾ. "ಇನ್ನ ಎರಡು ದಿನ ಹೀಂಗೇ ನಡದ್ರ ನಮ್ಮ ಹಿತ್ತಲಿಗಿ ಮಂದಿ ಹರಕಿ ಹೊತಗೊಂಡು ಬರ್ತಾರ."

ಆದರೂ ಕೆಂಪು ಮೀನೆರಡೂ ಬದುಕಿದ್ದವು. ಬಾಯಿ ತೆರೆದುಕೊಂಡೇ ಇದ್ದರೂ ಬದುಕಿದ್ದವು. ಅದೊಂದೇ ನನ್ನ ಧೈರ್ಯ. ಎಂಟನೆಯ ದಿನ ಮುಂಜಾನೆ ಬೂದಿ ಹಿಡಿದು ಬಂದು ಎಣಿಸಿದೆ. ಹೊಳೆಯ ಕರಿ ಮೀನು ಹದಿನಾಲ್ಕು, ಕೆಂಪು ಸೊನ್ನೆ. ಮತ್ತೆ ಎಣಿಸಿದೆ. ಕಲ್ಲು ಎತ್ತಿ ನೋಡಿದೆ. ಓಣಿಯ ಬೆಕ್ಕನ್ನು ಹಿಡಿದು ಬಾಯಿ ಬಿಡಿಸಿ ಮೂಸಿ ನೋಡಿದೆ. ಬೆಕ್ಕು ನನ್ನ ಮೂಗಿಗೆ ಉತ್ತರ ಬರೆದು ಹೋಯಿತು.

"ಶಿವಕಾಂತಾ, ಮುಳಗಿದ್ವಿ. ಬೆಕ್ಕು ಸಾಹೇಬರ ಮೀನು ತಿಂದದ."

ಅವಳು ಎಮ್ಮೆಗೆ ಬಕೀಟಿನಲ್ಲಿ ನೀರು ಕುಡಿಸುತ್ತಿದ್ದಳು. ತಿರುಗಿಯೂ ನೋಡದೆ, "ಹೌದೇನು" ಎಂದಳು. ದೋಣಿ ಇರುವಾಗ ಎಮ್ಮೆಗೆ ಬಕೀಟು ಯಾಕೆ ಎಂದು ಕೇಳುವಷ್ಟು ಬುದ್ಧಿ ಆಗ ನನ್ನಲ್ಲಿ ಉಳಿದಿರಲಿಲ್ಲ. ಎಷ್ಟು ಉಳಿದಿತ್ತೆಂದರೆ, ಮಧ್ಯಾಹ್ನ ಒಂದು ಕರಿ ಮೀನಿಗೆ ಕೆಂಪು ಬಳಿಯಲೆಂದು ಕುಂಕುಮದ ಬಟ್ಟಲು ಹಿಡಿದು ಕುಳಿತಿದ್ದೆ. ಅವಳು ಬಟ್ಟಲು ಕಸಿದುಕೊಂಡು, ಲಾಲ ಅಹ್ಮದನನ್ನು ಕರೆಸಿ, ಉಳಿದವನ್ನು ಮಣ್ಣಿನ ಕೊಡದಲ್ಲಿ ಅವನ ಕೈಗೆ ಕೊಟ್ಟಳು.

"ಹೊಳಿಗಿ ಬಿಟ್ಟು ಬಾರಪ್ಪಾ."

"ಹಿಡಿಯಾಂವನೂ ನಾನೇ, ಬಿಡಾಂವನೂ ನಾನೇ" ಎಂದು ಅವನು ನನ್ನ ಮೂಗಿನ ಗಾಯ ನೋಡಿದ. "ಹಾವಗೆಪ್ಪನೋರೆ, ಮೀನ ಕಚ್ಚಿದ್ವೇನ್ರಿ?"

ಉಳಿದ ಮೂರು ವಾರ ಹೇಗೆ ಕಳೆದೆನೋ ಆ ಬಸವಣ್ಣನೇ ಬಲ್ಲ. ಸಾಹೇಬರು ನಾಳೆ ಬರುತ್ತಾರೆ ಎಂಬ ಸುದ್ದಿ ಬಂದ ದಿನ ನಾನು ಟ್ರಂಕು ತೆಗೆದು ಧೋತರ ಮಡಚಿಟ್ಟೆ. ಅದರ ಮೇಲೆ ರೊಟ್ಟಿಯ ಹೆಂಚು ಇಟ್ಟೆ. ಹೆಂಚು ನೋಡಿ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಇವಳ ಕೈ ರೊಟ್ಟಿ ಬಿಟ್ಟು ಉಂಡವನಲ್ಲ ನಾನು. "ನಿನ್ನ ಮಾತು ಕೇಳಬೇಕಾಗಿತ್ತು" ಎಂದೆ. ಅವಳು ಹೆಂಚನ್ನು ಟ್ರಂಕಿನಿಂದ ತೆಗೆದು ಒಲೆಯ ಮೇಲೆ ಇಟ್ಟಳು.

ಮರುದಿನ ಪರದೆ ಕಟ್ಟಿದ ಟಾಂಗಾ ಬಾಗಿಲಿಗೆ ಬಂತು. ಸಾಹೇಬರು ಕಟ್ಟೆಯ ಮೇಲೆ ಕುಳಿತರು. ಅಜೀಜಾ ಬೇಗಂ ಒಳಗೆ ಬಂದವರೇ, "ನನ್ನ ಮೀನು ಎಲ್ಲಿ?" ಎಂದರು. ನಾನು ಬೆಕ್ಕಿನ ಕಥೆ ಹೇಳಲು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಉಸಿರು ಸಿಗದಿದ್ದರೆ ಹೇಗಿರುತ್ತದೆ ಎಂಬುದು ಆಗ ಗೊತ್ತಾಯಿತು.

"ಹಿತ್ತಲದಾಗ ಅವ, ಬರ್ರಿ ಬಾಯಾರ" ಎಂದಳು ಶಿವಕಾಂತಾ.

ನಾನೂ ಹಿಂದೆ ಓಡಿದೆ. ನನ್ನ ಅಜ್ಜನ ದೋಣಿಯ ಹಸಿರು ನೀರಿನಲ್ಲಿ ಎರಡು ಕೆಂಪು ಮೀನು, ಕಿರುಬೆರಳಿನಷ್ಟಿದ್ದವು ಈಗ ಹೆಬ್ಬೆರಳಿನಷ್ಟು ಆಗಿ, ಜಮೀನುದಾರರ ಹಾಗೆ ಸುತ್ತಾಡುತ್ತಿದ್ದವು. ಪಾಚಿಯ ನಡುವೆ ಸೂಜಿಯ ಮೊನೆಯಂಥ ಮರಿಗಳು ಲೆಕ್ಕವಿಲ್ಲದಷ್ಟು ಇದ್ದವು. ಬೇಗಂ ದೋಣಿಯ ಪಕ್ಕದಲ್ಲೇ ಕುಳಿತುಬಿಟ್ಟರು.

"ಇದು ಹ್ಯಾಂಗ ಮಾಡಿದಿ?"

"ನಾ ಏನೂ ಮಾಡಿಲ್ರಿ. ಹಾಲಿಗಿ ಹೆಪ್ಪು ಹಾಕಿದ್ರ ಮೊಸರು ಆಗ್ತದ. ನೀರಿಗೂ ಹಾಂಗೇ ಹಳೀದರ ಹೆಪ್ಪು ಬೇಕು. ಇವರು ದಿನಾ ಗಡಗಿ ತೊಳದು ದಿನಾ ಮೊಸರು ಕೇಳ್ತಿದ್ರು. ಇಲ್ಲಿ ತಂದು ಬಿಟ್ಟೆ, ಸುಮ್ಮನಿದ್ದೆ."

ನಾನು ಅವಳನ್ನು ಪಕ್ಕಕ್ಕೆ ಕರೆದೆ. "ಮೂರು ವಾರ ನಾ ಸತ್ತು ಬದುಕೀನಿ. ನನಗರ ಹೇಳಬಾರದೇನ?"

"ಹೇಳಿದ್ರ ಈ ದೋಣಿನೂ ತಿಕ್ಕಿ ಇಡ್ತಿದ್ರಿ."

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೋಣಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಮರಿಗಳನ್ನು ಈಗಲೇ ಕದಲಿಸಬಾರದು ಎಂದಳು ಶಿವಕಾಂತಾ. ಹಾಗಾದರೆ ಎಲ್ಲ ಇಲ್ಲೇ ಇರಲಿ, ನಾನು ವಾರಕ್ಕೊಮ್ಮೆ ಬಂದು ನೋಡುತ್ತೇನೆ ಎಂದರು ಬೇಗಂ. ಎರಡು ದಿನಕ್ಕೆ ಕಚೇರಿಯಲ್ಲಿ ನನ್ನ ಹೆಸರಿಗೆ ಹುಕುಂ ಬಂತು. ನಾನು ಅದನ್ನು ಬಿಚ್ಚದೆ ಮನೆಗೆ ತಂದು, ಎದೆ ಉಬ್ಬಿಸಿ, ಉರ್ದುವಿನಲ್ಲಿದ್ದುದನ್ನು ಕನ್ನಡ ಮಾಡುತ್ತ ಹೆಂಡತಿಯ ಮುಂದೆ ಗಟ್ಟಿಯಾಗಿ ಓದಿದೆ.

"ಕಾರಕೂನ ಹಾವಗೆಪ್ಪನ ಔರಾದ ವರ್ಗ ರದ್ದು ಮಾಡಲಾಗಿದೆ. ಕಾರಣ, ಇವನ ಹೆಂಡತಿ ಬೀದರದಲ್ಲಿ ಇರುವುದು ಬಹಳ ಅವಶ್ಯ. ಆಕೆಯ ಜೊತೆ..."

ಅಲ್ಲಿಗೆ ನನ್ನ ದನಿ ಇಳಿಯಿತು.

"ಯಾಕ ನಿಂತ್ರಿ? ಮುಂದ ಓದ್ರಿ" ಎಂದಳು ರೊಟ್ಟಿ ಬಡಿಯುತ್ತ.

"ಆಕೆಯ ಜೊತೆ ಇವನೂ ಇದ್ದರೆ ಸರ್ಕಾರದ ಅಡ್ಡಿ ಇಲ್ಲ."

ಶಿವಕಾಂತಾ ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿದಳು. ಆಮೇಲೆ ಹೇಳಿದಳು: "ಸರ್ಕಾರದ್ದೇ ಅಡ್ಡಿ ಇಲ್ಲಂದ್ರ ನಂದೇನದ? ಇರ್ರಿ. ಖರೆ, ದೋಣಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ."